ದಿವಂಗತರು ಹೊಲಿದ ಕೋಟು

ಅಂಗಡಿಯ ಹಿಂದಿನ ಕೋಣೆ,
ಹನ್ನೆರಡನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಬಾಬಿನ್,

ಹೇಗಿದ್ದೀಯಪ್ಪ? ಕೇಳಿ ಅಭ್ಯಾಸ, ಅದಕ್ಕೇ ಕೇಳುತ್ತಿದ್ದೇನೆ. ನೀನು ಹೇಗಿದ್ದೀಯ ಅನ್ನುವುದು ಈಗ ನನಗಿಂತ ಮೊದಲು ಊರಿಗೆಲ್ಲ ಗೊತ್ತಾಗುತ್ತದೆ. ಮೊನ್ನೆ ನೀನು ಟಿವಿಯಲ್ಲಿ ಸೀನಿದ್ದನ್ನು ನೋಡಿ ಔಷಧಿ ಅಂಗಡಿಯವರು ಓಡಿಬಂದು ಮಾತ್ರೆ ಕೊಟ್ಟು ಹೋದರು. ಅದನ್ನು ಟಿವಿಯೊಳಗೆ ಹೇಗೆ ತೂರಿಸಬೇಕು ಅಂತ ಮಾತ್ರ ಹೇಳಲಿಲ್ಲ. ಆ ಮನೆಯಲ್ಲಿ ನಿನಗೆ ಸರಿಯಾದ ಹೊದಿಕೆ ಕೊಟ್ಟಿಲ್ಲವೇನೋ? ದಿನಾ ಕಾಲು ಹೊರಗೆ ಚಾಚಿಕೊಂಡೇ ಮಲಗಿರುತ್ತೀಯ. ಸ್ನಾನ ಮಾಡಿದ ಮೇಲೆ ತಲೆ ಒರೆಸಿಕೋ. ಒದ್ದೆ ತಲೆಯಲ್ಲಿ ಕ್ಯಾಮೆರಾ ಮುಂದೆ ನಿಂತರೆ ಅದೇನು ಚೆಂದ ಕಾಣುತ್ತದೋ ನಾನರಿಯೆ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ. ನೀನು ಸಾಯಿಸಿದ ನಿಮ್ಮಪ್ಪನೂ ಚೆನ್ನಾಗಿದ್ದಾರೆ. ಈಗಷ್ಟೇ ಎರಡೆರಡು ಸಲ ಬಡಿಸಿಕೊಂಡು ಊಟ ಮಾಡಿ, ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾರೆ.

ನಿನ್ನ ಫೋನನ್ನು ಟಿವಿಯವರು ತೆಗೆದಿಟ್ಟುಕೊಂಡಿದ್ದಾರೆ. ಹಾಡಿನ ಸ್ಪರ್ಧೆ ಮುಗಿಯುವ ತನಕ ನೀವು ಯಾರೂ ಆ ಮನೆಯಿಂದ ಹೊರಗೆ ಬರುವ ಹಾಗಿಲ್ಲ, ಒಳಗೆ ಹೋಗುವ ಕಾಗದವನ್ನೆಲ್ಲ ಮೊದಲು ಅವರೇ ಓದುತ್ತಾರೆ. ಆದ್ದರಿಂದ ಇದು ನಿನ್ನ ಫೈನಲ್ ದಿನದ ಕೋಟಿನ ಕಳ್ಳಜೇಬಿನಲ್ಲಿ ಬರುತ್ತಿದೆ. ನೀನು ಅಲ್ಲಿ ಕೈ ಹಾಕೇ ಹಾಕುತ್ತೀಯ. ಶಾಲೆಯ ಮೊದಲ ದಿನ ಹೋಗೋದಿಲ್ಲ ಅಂತ ಬಾಗಿಲಿಗೆ ಜೋತುಬಿದ್ದು ಅತ್ತಾಗ, ನಿಮ್ಮಪ್ಪ ನಿನ್ನ ಅಂಗಿಯ ಒಳಗಡೆ, ಎಡಕ್ಕೆ, ಪುಟ್ಟದೊಂದು ಜೇಬು ಹೊಲಿದು ಪೆಪ್ಪರ್‌ಮಿಂಟ್ ಇಟ್ಟು ಕಳಿಸಿದ್ದರಲ್ಲ, ಅಲ್ಲಿಂದ ಇಲ್ಲಿಯವರೆಗೆ ಅವರು ನಿನಗೆ ಹೊಲಿದ ಒಂದು ಬಟ್ಟೆಯೂ ಆ ಜೇಬಿಲ್ಲದೆ ಹೋಗಿಲ್ಲ, ಆ ಜೇಬು ಒಮ್ಮೆಯೂ ಖಾಲಿ ಹೋಗಿಲ್ಲ. ಮೀಸೆ ಬಂದ ಮೇಲೂ ಹೊಸ ಬಟ್ಟೆ ಕೈಗೆ ಬಂತೆಂದರೆ ನಿನ್ನ ಬೆರಳು ಮೊದಲು ಹೋಗುವುದು ಅಲ್ಲಿಗೇ.

ಹೆಸರು ಮಾಡಬೇಕು ಅನ್ನುವ ಹುಚ್ಚು ನಿನಗೆ ಹತ್ತಿದಾಗ ನಾವ್ಯಾರೂ ಬೇಡ ಅನ್ನಲಿಲ್ಲ. ಮೊದಲು ಕೂದಲಿಗೆ ಬಣ್ಣ ಹಚ್ಚಿಕೊಂಡೆ, ಅದು ದಿಂಬಿಗೆ ಹತ್ತಿತೇ ಹೊರತು ಜನರ ಕಣ್ಣಿಗೆ ಬೀಳಲಿಲ್ಲ. ಆಮೇಲೆ ಮಹಡಿಯ ನೀರಿನ ತೊಟ್ಟಿ ಹತ್ತಿ ನಿಂತು ಹಾಡಿ ವಿಡಿಯೋ ಮಾಡಿದೆ. ಅದನ್ನು ಪೂರ್ತಿ ನೋಡಿದ್ದು ನಾನು, ನಿಮ್ಮಪ್ಪ, ಮತ್ತೆ ತೊಟ್ಟಿ ಬಿರುಕು ಬಿಟ್ಟಿದೆ ಅಂತ ಜಗಳಕ್ಕೆ ಬಂದ ಕೆಳಗಿನ ಮನೆಯವರು. ಅದೂ ಸಾಲದೆ, ಸೆಲೆಬ್ರಿಟಿ ಆಗುವುದು ಹೇಗೆ ಅಂತ ಕಲಿಸುವ ಮೇಷ್ಟರೊಬ್ಬರ ಹತ್ತಿರ ಸೇರಿಕೊಂಡೆ. ಆ ಮಹಾಶಯನ ಹೆಸರನ್ನೇ ನಮ್ಮ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ, ಹೋಗಲಿ ಬಿಡು. ಹೇಗೆ ನಿಲ್ಲಬೇಕು, ಹೇಗೆ ನಗಬೇಕು, ಕ್ಯಾಮೆರಾಕ್ಕೆ ಯಾವ ಕೆನ್ನೆ ಕೊಡಬೇಕು ಅಂತೆಲ್ಲ ಕಲಿತು ಬಂದೆ. ಆ ವಾರವೆಲ್ಲ ಊಟಕ್ಕೆ ಕೂತಾಗಲೂ ನಮಗೆ ನಿನ್ನ ಬಲಗೆನ್ನೆ ಬಿಟ್ಟು ಬೇರೇನೂ ಕಾಣಿಸಲಿಲ್ಲ. ಕೊನೆಗೊಂದು ದಿನ "ಗಂಟಲೊಂದಿದ್ರೆ ಸಾಲದಂತೆ ಅಮ್ಮಾ, ಹಿಂದೆ ಒಂದು ಕಥೆ ಇರಬೇಕಂತೆ. ನಮ್ಮನೇಲಿ ಒಂದು ಕಥೆನೂ ಇಲ್ವಲ್ಲ" ಅಂತ ಮುಖ ಊದಿಸಿಕೊಂಡು ಕೂತೆ. ಅಪ್ಪ ಕುಡಿಯುವುದಿಲ್ಲ, ಬಡಿಯುವುದಿಲ್ಲ. ಅಮ್ಮ ಬಿಟ್ಟು ಹೋಗಿಲ್ಲ. ಹೊತ್ತು ಹೊತ್ತಿಗೆ ಊಟ ಇದೆ. ಮನೆಯಲ್ಲಿ ಕಷ್ಟವಿಲ್ಲ ಅನ್ನುವುದೇ ನಿನಗೆ ದೊಡ್ಡ ಕಷ್ಟವಾಗಿತ್ತು. ನಾನು ನಕ್ಕು ಸುಮ್ಮನಾದೆ. ನೀನು ಸುಮ್ಮನಾಗಲಿಲ್ಲ ಅಂತ ಗೊತ್ತಾಗಿದ್ದು ಮೊದಲ ಎಪಿಸೋಡಿನ ದಿನ.

ಆವತ್ತು ಬೀದಿಗೆ ಬೀದಿಯೇ ನಮ್ಮ ಅಂಗಡಿಯಲ್ಲಿತ್ತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟಿವಿ ಇಟ್ಟು, ಗಿರಾಕಿಗಳ ಬೆಂಚು ಸಾಲದೆ ಕ್ಷೌರದಂಗಡಿಯ ಕುರ್ಚಿಗಳನ್ನೂ ತಂದು ಹಾಕಿದ್ದರು. ನೀನು ಹಾಡಿದೆ. ಚೆನ್ನಾಗಿ ಹಾಡಿದೆ ಕಣೋ, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ನಿರೂಪಕ ಹೆಗಲ ಮೇಲೆ ಕೈಹಾಕಿ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದ. ನೀನು ತಲೆ ತಗ್ಗಿಸಿ, ಅಮ್ಮ ಒಬ್ಬಳೇ, ಟೈಲರ್ ಆಗಿದ್ದ ಅಪ್ಪ ನಾನು ಹುಡುಗನಿದ್ದಾಗಲೇ ತೀರಿಕೊಂಡರು, ಅವರ ಮಿಷನ್ನಿನ ಸದ್ದೇ ನನಗೆ ತಾಳ ಅಂದೆ. ಎಲ್ಲರೂ ಮೆಲ್ಲಗೆ ತಿರುಗಿ ನಿಮ್ಮಪ್ಪನ ಮುಖ ನೋಡಿದರು. ಅವರು ಕೈಯಲ್ಲಿ ಕತ್ತರಿ ಹಿಡಿದು ನಿಂತಿದ್ದರು. ಅದನ್ನು ಕೆಳಗಿಟ್ಟು, "ಏನಾಗಿತ್ತಂತೆ ನಂಗೆ?" ಅಂದರು. ಜನ ಗೊಳ್ಳೆಂದು ನಕ್ಕರು, ಅವರೂ ನಕ್ಕರು. ನೀನು ಕಣ್ಣೊರೆಸಿಕೊಳ್ಳುವುದನ್ನು ನೋಡಿ "ಎಷ್ಟು ಚೆನ್ನಾಗಿ ಅಳ್ತಾನೆ ನೋಡೇ" ಅಂತ ನನಗೇ ತೋರಿಸಿದರು. ಎಲ್ಲರೂ ಹೋದ ಮೇಲೆ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು.

ಇನ್ನು ಬೀದಿಯವರ ಕಥೆ ಕೇಳು. ನಮ್ಮ ಹುಡುಗ ಗೆಲ್ಲಬೇಕು ಅಂತ ಎಲ್ಲರೂ ಸೇರಿ ನಿಮ್ಮಪ್ಪನನ್ನು ಸತ್ತವರನ್ನಾಗಿಯೇ ಉಳಿಸಲು ಟೊಂಕ ಕಟ್ಟಿದ್ದಾರೆ. ಪತ್ರಿಕೆಯವರು ವಿಚಾರಿಸಲು ಬಂದಾಗ ಔಷಧಿ ಅಂಗಡಿಯವರು ಎದೆನೋವು ಅಂದರು, ಚಹಾದವನು ಬಸ್ಸಿಗೆ ಸಿಕ್ಕರು ಅಂದ, ಕ್ಷೌರದವರು ಕಾಮಾಲೆ ಅಂದರು. ಪಾಪ, ಒಂದೇ ವಾರದಲ್ಲಿ ಮೂರು ಥರ ಸತ್ತರು. ಹೊಲಿಯಲು ಬಟ್ಟೆ ಕೊಟ್ಟಿದ್ದ ದೂರದ ಬಡಾವಣೆಯ ಹೆಂಗಸೊಬ್ಬರು ಸುದ್ದಿ ಓದಿ ಬಂದು, ನನ್ನ ಕೈಹಿಡಿದು ಕಣ್ಣೀರು ಹಾಕಿ, ಅದೇ ಉಸಿರಿನಲ್ಲಿ ತಮ್ಮ ರವಿಕೆ ಆಗಿದೆಯಾ ಅಂತ ಕೇಳಿದರು. ನಿಮ್ಮಪ್ಪ ಪರದೆಯ ಹಿಂದಿನಿಂದ ರವಿಕೆ ಚಾಚಿದರು. ನಾನು ಹಣೆ ಚಚ್ಚಿಕೊಂಡೆ.

ಮುಂದಿನ ವಾರ ಟಿವಿಯವರೇ ಬಂದಿಳಿದರು. ಅಂಗಡಿ ಮುಂದೆ "ತಂದೆ ಮಗ ಟೈಲರ್ಸ್" ಅಂತ ಬೋರ್ಡು ಇದೆಯಲ್ಲ, ಅದರಲ್ಲಿ "ತಂದೆ" ಅನ್ನುವುದರ ಮೇಲೊಂದು ಕಪ್ಪು ಬಟ್ಟೆ ಇಳಿಬಿಟ್ಟರು. ಚೆನ್ನಾಗಿ ಕಾಣುತ್ತದಂತೆ. ಅವರಲ್ಲೊಬ್ಬಳು ಹುಡುಗಿ, ಕೈಯಲ್ಲಿ ಫೈಲು, ಕಿವಿಗೊಂದು ವೈರು, ಅಚ್ಚು ಹಾಕಿಸಿದ ಕಾಗದವೊಂದನ್ನು ನನ್ನ ಮುಂದಿಟ್ಟು "ಇದನ್ನೇ ನಿಮ್ಮ ಕೈಯಾರೆ ಬರೆದುಬಿಡಿ ಆಂಟಿ, ನಿಮ್ಮ ಮಗ ಎಲ್ಲರೆದುರು ಓದ್ತಾರೆ" ಅಂದಳು. ನೀನು ಕ್ಯಾಮೆರಾ ಮುಂದೆ ಬಿಕ್ಕಿ ಬಿಕ್ಕಿ ಓದಿದೆಯಲ್ಲ, ಅದು ನನ್ನ ಅಕ್ಷರ, ಅವಳ ಕಾಗದ. ಅಪ್ಪ ಮೇಲಿಂದ ನಿನ್ನನ್ನು ನೋಡುತ್ತಿರುತ್ತಾರೆ ಅಂತ ನಾನು ಬರೆಯುವ ಹೊತ್ತಿಗೆ ಅವರು ನಿಜವಾಗಿ ಅಟ್ಟದ ಮೇಲೆ ಬಟ್ಟೆಯ ಥಾನುಗಳ ನಡುವೆ ಬಗ್ಗಿ ಕೂತಿದ್ದರು. ಧೂಳಿಗೆ ಸೀನಿಬಿಟ್ಟರು! ಸೀನುವುದರಲ್ಲಿ ಅಪ್ಪ ಮಗ ಒಂದೇ, ಬೀದಿಗೆಲ್ಲ ಕೇಳಬೇಕು. ಕ್ಯಾಮೆರಾದವರು ತಲೆಯೆತ್ತಿದರು. ಇನ್ನೇನು ಮಾಡುವುದು, ಏಣಿ ಇಳಿದು ಬಂದು, "ನಾನು ಇಲ್ಲಿ ಕೆಲಸಕ್ಕಿದ್ದೋನು" ಅಂದರು.

ಅಷ್ಟಕ್ಕೇ ಬಿಡುತ್ತಾರೆಯೇ? ನಿಮ್ಮಪ್ಪನನ್ನು ಮಿಷನ್ನಿನ ಮುಂದೆ ಕೂರಿಸಿ, ನಿಮ್ಮ ಯಜಮಾನರು ಎಂಥ ಮನುಷ್ಯರಾಗಿದ್ದರು ಅಂತ ಕೇಳಿದರು. ಅವರು ಸೂಜಿಗೆ ದಾರ ಪೋಣಿಸುತ್ತಾ ತುಂಬಾ ಯೋಚಿಸಿ, "ಒಳ್ಳೆಯವ್ರು. ಆದ್ರೆ ಹೇಳಿದ ದಿನಕ್ಕೆ ಒಂದು ಬಟ್ಟೆನೂ ಕೊಟ್ಟೋರಲ್ಲ" ಅಂದರು. ಮಗನ ಮೇಲೆ ಪ್ರೀತಿ ಇತ್ತಾ ಅಂತ ಕೇಳಿದಾಗ "ಇದ್ದಿರಬೇಕು, ಹೇಳ್ಕೊಂಡಿದ್ದು ನಾನು ಕೇಳಿಲ್ಲ" ಅಂದರು. ಫೈಲಿನ ಹುಡುಗಿ ಗೋಡೆಯ ಮೇಲಿನ ದಿವಂಗತರ ಫೋಟೋ ನೋಡಿ, ಇವರ ಮುಖ ನೋಡಿ, ಮತ್ತೆ ಫೋಟೋ ನೋಡಿದಳು. "ಜೊತೇಲಿದ್ದು ಇದ್ದು ಮುಖಾನೂ ಹಾಗೇ ಆಗೋಯ್ತು ಅಂತಾರೆ" ಅಂದುಬಿಟ್ಟರು ಪುಣ್ಯಾತ್ಮ! ಆ ಫೋಟೋ ಕೂಡ ಅವರೇ ಆರಿಸಿ, ಗಾಜು ಒರೆಸಿ, ಮೊಳೆ ಹೊಡೆದು ತೂಗುಹಾಕಿದ್ದು. ಅದರಲ್ಲಿ ಕಾಲರ್ ಚೆನ್ನಾಗಿ ಕೂತಿದೆಯಂತೆ.

ಇಷ್ಟರವರೆಗೆ ನಾನೂ ಬೈದುಕೊಂಡು, ನಕ್ಕುಕೊಂಡು ದಿನ ದೂಡಿದೆ. "ಗೆದ್ದು ಬರಲಿ ಬಿಡೇ, ಆಮೇಲೆ ಬದುಕಿದ್ರಾಯ್ತು" ಅಂತ ಅವರೇ ನನ್ನ ಬಾಯಿ ಮುಚ್ಚಿಸುತ್ತಿದ್ದರು. ಆದರೆ ಈಗೀಗ ನನಗೆ ನಗು ಬರುತ್ತಿಲ್ಲ. ಟಿವಿಯವರು ಹೋದರೂ ಬೋರ್ಡಿನ ಮೇಲಿನ ಕಪ್ಪು ಬಟ್ಟೆ ಹಾಗೇ ಇದೆ. ತೆಗೆಯಿರಿ ಅಂದರೆ ಯಾರಾದರೂ ನೋಡಿಯಾರು ಅನ್ನುತ್ತಾರೆ. ಹಾಲು ತರಲು ಹಿಂದಿನ ಓಣಿಯಿಂದ ಹೋಗುತ್ತಾರೆ. ಹೊಸ ಗಿರಾಕಿಗಳು "ಏನಪ್ಪಾ, ಯಜಮಾನರು ಹೋದ್ಮೇಲೆ ನೀನೇ ನೋಡ್ಕೋತಿದ್ದೀಯಾ" ಅಂದರೆ ಹೂಂ ಅನ್ನುತ್ತಾರೆ. ಮೊನ್ನೆ ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ, ಗುಂಡಿ ತೂರುವ ಕಾಜಾ ಮಾಡುತ್ತಾ ಕೂತವರು "ಅವ್ರಿದ್ದಾಗ ಇದನ್ನ ಕೈಯಲ್ಲೇ ಮಾಡ್ತಿದ್ರು" ಅಂದರು. ಯಾರು ಅಂದೆ. ಅವರು ಬೆಪ್ಪಾಗಿ ನನ್ನ ಮುಖ ನೋಡಿದರು.

ಇಂಥ ಮನುಷ್ಯ ನಿನಗೆ ಕೋಟು ಹೊಲಿದಿದ್ದಾರೆ. ನೀನು ಇಳಿದುಹೋಗಿದ್ದೀಯ, ಹಳೆಯ ಅಳತೆ ಆಗುವುದಿಲ್ಲ ಅಂತ ನೀನು ಹಾಡುವಾಗಲೆಲ್ಲ ಟೇಪು ಹಿಡಿದು ಟಿವಿಯ ಮುಂದೆ ನಿಲ್ಲುವುದು, ಅಷ್ಟರಲ್ಲಿ ಜಾಹೀರಾತು ಬರುವುದು, ಇವರು ಸೋಪಿನ ಹುಡುಗಿಗೆ ಬೈಯುವುದು. ಹೆಗಲು ಸರಿ ಕೂರಲಿಲ್ಲ ಅಂತ ತೋಳನ್ನು ಎರಡು ಸಲ ಬಿಚ್ಚಿ ಹೊಲಿದರು. ಎಂದಿನಂತೆ ಕಳ್ಳಜೇಬನ್ನೂ ಇಟ್ಟರು. ಪೆಪ್ಪರ್‌ಮಿಂಟ್ ತಂದೂ ತಂದರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಯೋಚಿಸಿ, "ಬೇಡ, ಅಲ್ಲಿ ಯಾರಾದ್ರೂ ನೋಡಿ ಇದ್ಯಾರು ಇಟ್ಟಿದ್ದು ಅಂದ್ರೆ ಮಗು ಏನು ಹೇಳ್ಬೇಕು" ಅಂತ ತಾವೇ ಬಾಯಿಗೆ ಹಾಕಿಕೊಂಡರು. ಅದಕ್ಕೇ ಆ ಜೇಬಿನಲ್ಲಿ ಈ ಸಲ ಪೆಪ್ಪರ್‌ಮಿಂಟ್ ಇಲ್ಲ, ನಾನಿದ್ದೇನೆ.

ನಿನ್ನ ಹೆಸರು ಮೂಲೆ ಮೂಲೆಗೂ ಹೋಗಲಿ, ಬೇಡ ಅನ್ನುವಷ್ಟು ಕೆಟ್ಟವಳಲ್ಲ ನಾನು. ಜನ ನಿನ್ನ ಹಾಡು ಕೇಳಿ ಓಟು ಹಾಕುತ್ತಿದ್ದಾರೋ ನಿಮ್ಮಪ್ಪನ ಸಾವಿಗೆ ಹಾಕುತ್ತಿದ್ದಾರೋ ನನಗೆ ತಿಳಿಯದು, ನಿನಗೂ ತಿಳಿಯದು. ಅದೇ ನನ್ನ ಹೊಟ್ಟೆಯುರಿ. ಅಷ್ಟು ಒಳ್ಳೆಯ ಗಂಟಲಿಟ್ಟುಕೊಂಡು ಹೀಗೆ ಮಾಡುವುದೇನೋ ಮುಂಡೇದೇ! ಸಿಟ್ಟಿದೆ, ತುಂಬಾ ಸಿಟ್ಟಿದೆ. ನೀನು ಎದುರಿಗಿದ್ದಿದ್ದರೆ ಇಂಚುಪಟ್ಟಿಯಲ್ಲಿ ಎರಡು ಬಿಟ್ಟು, ಆಮೇಲೆ ಊಟಕ್ಕೆ ಬಡಿಸುತ್ತಿದ್ದೆ.

ಫೈನಲ್ಲಿಗೆ ನನಗೆ ಮುಂದಿನ ಸಾಲಿನಲ್ಲೇ ಕುರ್ಚಿ ಇಟ್ಟಿದ್ದಾರಂತೆ. ಪಕ್ಕದ ಕುರ್ಚಿಯ ಮೇಲೆ ನಿಮ್ಮಪ್ಪನ ಫೋಟೋ ಇಟ್ಟು ಹೂವು ಹಾಕುತ್ತಾರಂತೆ. ನೀನು ಹಾಡು ಮುಗಿಸಿದ ಮೇಲೆ ಕ್ಯಾಮೆರಾ ನಮ್ಮಿಬ್ಬರ ಕಡೆ ತಿರುಗುತ್ತದೆ, ಆಗ ನಾನು ಫೋಟೋ ಮುಟ್ಟಿ ಅಳಬೇಕು ಅಂತ ಫೈಲಿನ ಹುಡುಗಿ ಹೇಳಿಕೊಟ್ಟು ಹೋಗಿದ್ದಾಳೆ.

ಗಂಟಲು ಜೋಪಾನ. ತಣ್ಣಗಿರುವುದೇನೂ ಕುಡಿಯಬೇಡ. ಕೋಟಿನ ಮೇಲಿನ ಗುಂಡಿ ಹಾಕಿಕೋ, ಕೆಳಗಿನದು ಬಿಡು, ಹಾಗೇ ಬಿಡಬೇಕಂತೆ. ನೂರು ಕಾಲ ಬಾಳು. ನಿನ್ನ ತಂದೆಯೂ ಬಾಳಲಿ.

ಇತಿ, ಬೈದು ಬೈದು ಸುಸ್ತಾದ,
ನಿನ್ನ ಅಮ್ಮ

ತಾ.ಕ.: ಕೋಟು ಒಯ್ಯಲು ಬಂದ ಗಾಡಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಈಗಷ್ಟೇ ನಿಮ್ಮಪ್ಪನ ಅಂಗಿ ಒಗೆಯಲು ತೆಗೆದರೆ ಜೇಬಿನಲ್ಲಿ ಫೈನಲ್ಲಿನ ಟಿಕೆಟ್ ಸಿಕ್ಕಿತು. ನನಗೂ ಹೇಳದೆ ತೆಗೆದುಕೊಂಡಿದ್ದಾರೆ. ಕೊನೆಯ ಸಾಲು, ಕಂಬದ ಪಕ್ಕ. ಕೇಳಿದರೆ "ಕೋಟಿನ ಹೆಗಲು ದೂರದಿಂದ ನೋಡಿದ್ರೇನೇ ಗೊತ್ತಾಗೋದು. ಟೋಪಿ ಹಾಕ್ಕೊಂಡಿರ್ತೀನಿ, ಅವನಿಗೆ ಕಾಣೋದಿಲ್ಲ" ಅನ್ನುತ್ತಾರೆ. ನಾನೂ ಆ ಸಾಲಿನಲ್ಲೇ ಒಂದು ಟಿಕೆಟ್ ತರಿಸುತ್ತೇನೆ. ಫೋಟೋದ ಪಕ್ಕ ನಾನು ಕೂರುವುದಿಲ್ಲ. ಮುಂದಿನ ಕುರ್ಚಿ ಖಾಲಿ ಕಂಡು, ನಿಮ್ಮಮ್ಮ ಎಲ್ಲಿ ಅಂತ ಆ ನಿರೂಪಕ ನಿನ್ನನ್ನು ಕೇಳೇ ಕೇಳುತ್ತಾನೆ. ಬಾಯಿಗೆ ಬಂತು ಅಂತ ನನ್ನನ್ನೂ ಸಾಯಿಸಬೇಡ ಮಾರಾಯ. ಕೈ ಎತ್ತಿ ಹಿಂದಿನ ಸಾಲು ತೋರಿಸು. ನಾನು ಅವರ ಟೋಪಿ ತೆಗೆದಿರುತ್ತೇನೆ.