ಹೊಸಿಲಲ್ಲಿ ನಿಂತ ನೀರು

ಜುಲೈ ೧೯, ಶನಿವಾರ. ಬದಲಾಪುರ

ಬೆಳಿಗ್ಗೆಯೇ ಅತ್ತೆ ಬಟ್ಟೆಯ ಚೀಲ ಕಟ್ಟಿ ಕೂತಿದ್ದರು. ಹೋದ ಮಳೆಗಾಲದಲ್ಲಿ ನಮ್ಮ ಈ ಕೆಳಗಿನ ಮನೆಗೆ ಹೊಳೆಯ ನೀರು ನುಗ್ಗಿ, ಇವರು ಅವರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ್ದರು. ಅಂದಿನಿಂದ ಅತ್ತೆಯದು ಒಂದೇ ಮಾತು: "ನನ್ನಿಂದ ನಿಮಗೆ ಕಷ್ಟ. ಖಾರಘರಕ್ಕೆ ಮಗಳ ಮನೆಗೆ ಹೋಗ್ತೇನೆ."

ಅದಕ್ಕೇ ಇವರು ಬಾಗಿಲಿಗೆ ಅಡ್ಡ ಕೂರಿಸಲು ಮಂಡಿಯೆತ್ತರದ ಅಲ್ಯೂಮಿನಿಯಂ ಹಲಗೆ ಮಾಡಿಸಿ, ಅಂಚಿಗೆ ರಬ್ಬರ್ ಹಾಕಿಸಿದ್ದರು. ಇವತ್ತು ಮಧ್ಯಾಹ್ನ ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ನೀರು ತುಂಬಿತು. ಹಲಗೆ ಕೂರಿಸಿ, ಬಚ್ಚಲಿನಿಂದ ನೀರು ಉಕ್ಕದಂತೆ ಅದರ ಜಾಲಿಯ ಮೇಲೆ ಮರಳಿನ ಚೀಲ ಇಟ್ಟೆವು. "ವರ ಯಾ, ಲೌಕರ್!" ಬೇಗ ಮೇಲೆ ಬನ್ನಿ ಎಂದು ಮೇಲಿನ ಮನೆಯ ಮರಾಠಿ ಕಾಕೂ ಕೂಗುತ್ತಲೇ ಇದ್ದರು. ಹಲಗೆಯ ಅರ್ಧದವರೆಗೆ ಬಂದ ನೀರು ಅಲ್ಲೇ ನಿಂತಿತು. ಮೂಲೆಯಲ್ಲಿ ಜಿನುಗಿದ್ದಕ್ಕೆ ಒಂದು ಹಳೆಯ ಟವೆಲ್ ಸಾಕಾಯಿತು.

ಸಂಜೆ ನೀರಿಳಿದ ಮೇಲೆ ಇವರು ಮೆಲ್ಲಗೆ ಕೇಳಿದರು, "ಅಮ್ಮ, ನಾಳೆ ಖಾರಘರಕ್ಕೆ ಬಿಡ್ಲಾ?"

ಅತ್ತೆ ಮಂಚದಿಂದ ಕಾಲು ಇಳಿಬಿಟ್ಟು, ಒಣಗಿಯೇ ಇದ್ದ ನೆಲವನ್ನು ಪಾದದಿಂದ ಸವರಿ ನೋಡಿದರು.

"ಎಂತಕ್ಕೆ ಮಾರಾಯ? ಅಲ್ಲಿ ಮಾತಾಡ್ಲಿಕ್ಕೆ ಒಂದು ಜನ ಇಲ್ಲ. ನಾನು ಇಲ್ಲೇ ಇರ್ತೇನೆ."

ಇವರು ಹೋಗಿ ಮುಖ ತೊಳೆದು ಬಂದರು. ಕಣ್ಣು ಕೆಂಪಾಗಿತ್ತು. ಸೋಪು ಹೋಯಿತಂತೆ. ನಾನೂ ನಂಬಿದವಳಂತೆ ಟವೆಲ್ ಕೊಟ್ಟೆ. ನಿದ್ದೆ ಬರುತ್ತಿದೆ, ಹೊರಗೆ ಮಳೆ ಇನ್ನೂ…