ಮೂರನೇ ಶಿಮ್

ಜನ್ನಾಪುರ, ಭದ್ರಾವತಿ
ಭಾನುವಾರ

ಪ್ರೀತಿಯ ಶೀತಲ್,

ನಿಮ್ಮ ತಂದೆ ಫೋನ್ ಮಾಡಿದ್ದರು. “ಅವಳಿಗೆ ಗಾಡಿ ಹಿಡಿತಕ್ಕೆ ಬರಲ್ಲ ಸಾಬ್ರೇ, ಆ ಡರ್ಟ್ ಬೈಕ್ ಮಾರ್‍ಬಿಡಿ” ಎಂದರು. ಮಾರುವ ಮುಂಚೆ ಈ ಕಾಗದವನ್ನು ಅವರಿಗೂ ಓದಿ ಹೇಳು.

ನಿನ್ನೆ ಇಂಜಿನ್ ಬಿಚ್ಚಿದೆ. ವಾಲ್ವ್ ಮುರಿದು ಪಿಸ್ಟನ್ ಮೇಲೆ ಬಿದ್ದಿತ್ತು. ರೇಸ್‌ನ ಜಂಪ್‌ನಲ್ಲಿ ಇಂಜಿನ್ ಲಾಕ್ ಆಗಿ ನೀನು ಬಿದ್ದದ್ದು ಅದರಿಂದ, ನೀನು ಗೇರ್ ತಪ್ಪಿಸಿದ್ದರಿಂದಲ್ಲ.

ಇಂಥ ಇಂಜಿನ್‌ನಲ್ಲಿ ವಾಲ್ವ್ ಸವೆದರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಆಗ ಅದರ ಮೇಲಿನ ಶಿಮ್ ಎಂಬ ಪುಟ್ಟ ಬಿಲ್ಲೆ ತೆಗೆದು, ಇನ್ನೂ ತೆಳುವಾದದ್ದನ್ನು ಕೂರಿಸುತ್ತೇವೆ. ಒಂದು ಸಲಕ್ಕೆ ಸರಿ. ಮತ್ತೆ ಸತಾಯಿಸಿದರೆ ವಾಲ್ವನ್ನೇ ಬದಲಿಸಬೇಕು. ನಾನು ಮೂರು ಸಲ ಶಿಮ್ ಹಾಕಿದೆ. ಮೂರನೇ ಸಲ ಹಾಕುವಾಗ ಹೊಸ ವಾಲ್ವ್ ಬರಲು ಎರಡು ವಾರ ಬೇಕಿತ್ತು, ಸೋಗಾನೆಯ ರೇಸ್‌ಗೆ ನಾಲ್ಕೇ ದಿನವಿತ್ತು. ನಿನಗೆ ಹೇಳಲಿಲ್ಲ.

ಮುರಿದ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ, ತಂದೆಗೆ ತೋರಿಸು. ಗಾಡಿಯನ್ನು ಬೇರೆ ಒಳ್ಳೆಯ ಮೆಕ್ಯಾನಿಕ್ ಹತ್ತಿರ ಕೊಡು.

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ನೀನು, “ಚಾಚಾ, ನೀವು ಮಾಡ್ಕೊಟ್ಟ ಇಂಜಿನ್ ಹಾಳ್ಮಾಡ್ಬಿಟ್ಟೆ, ಬೇಜಾರಾಗ್ಬೇಡಿ” ಎಂದೆ. ನಾನು ದೊಡ್ಡ ಮನಸ್ಸಿನವನ ಹಾಗೆ, “ಹೋಗ್ಲಿ ಬಿಡಮ್ಮ” ಎಂದುಬಿಟ್ಟೆ.

ನಿನ್ನ ಗಾಡಿ ನೋಡಿಕೊಳ್ಳುತ್ತಿದ್ದ,
ಬಿಸ್ಮಿಲ್ಲಾ