ಬೀಗ ಹಾಕಿದ ಟ್ಯಾಬ್ ಬಸ್ಸಿನಲ್ಲಿ ನನ್ನ ಸುದ್ದಿ ಓದಿದ್ದು

ಟ್ಯಾಬ್‌ಗಳ ಭದ್ರತೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಾನು ಗರ್ಭಿಣಿ ಎಂಬ ಸುದ್ದಿಯನ್ನು ನನ್ನ ಗಂಡನಿಗಿಂತ ಮೊದಲು ನರಿಕೊಂಬಿನಿಂದ ಬಿ.ಸಿ. ರೋಡಿಗೆ ಹೋಗುವ ಬೆಳಗಿನ ಬಸ್ಸಿಗೆ ತಿಳಿಸಿದ್ದಕ್ಕಾಗಿ ತಮಗೆ ಈ ಪತ್ರ. ತಿಳಿಸಿದ್ದು ಮನುಷ್ಯರಲ್ಲ. ನಮ್ಮೂರಿನ ಆಶಾ ಕಾರ್ಯಕರ್ತೆ ವಾರಿಜಕ್ಕನಿಗೆ ತಮ್ಮ ಕಚೇರಿ ಕೊಟ್ಟಿರುವ ಟ್ಯಾಬ್. ಆಗ ಅದಕ್ಕೆ ಬೀಗ ಬಿದ್ದಿತ್ತು ಎಂಬುದನ್ನು ತಮ್ಮ ಸಮಾಧಾನಕ್ಕಾಗಿ ಮೊದಲೇ ಹೇಳಿಬಿಡುತ್ತೇನೆ. ಇನ್ನು ಮುಚ್ಚಿಡಲು ನನ್ನಲ್ಲಿ ಏನೂ ಉಳಿದಿಲ್ಲವಾದ್ದರಿಂದ ಹೆಸರು ಹಾಕಿಯೇ ಬರೆಯುತ್ತಿದ್ದೇನೆ.

ತಮ್ಮ ಬೀಗದ ಬಗ್ಗೆ ನನಗೆ ಅಪಾರ ಗೌರವ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಜೊತೆಗೊಂದು ಚಿಹ್ನೆ ಸೇರದೆ ಅದು ತೆರೆಯುವುದಿಲ್ಲ. ತಿಂಗಳಿಗೊಮ್ಮೆ ಬದಲಾಗಬೇಕು. ವಾರಿಜಕ್ಕ ಕನ್ನಡ ಪತ್ರಿಕೆಯನ್ನು ಟೆಂಡರ್ ಜಾಹೀರಾತಿನವರೆಗೂ ಓದುವವರು, ಆದರೆ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹುಡುಕಬೇಕು. ಹಾಗಾಗಿ ಸುತ್ತಲಿನ ಕಾರ್ಯಕರ್ತೆಯರೆಲ್ಲ ಸೇರಿ ಒಂದೇ ಪಾಸ್‌ವರ್ಡ್ ಇಟ್ಟುಕೊಂಡು ಅದನ್ನು ಆರೋಗ್ಯ ಉಪಕೇಂದ್ರದ ಬೋರ್ಡಿನ ಮೇಲೆ ಬರೆದಿಟ್ಟಿದ್ದಾರೆ. ತಿಂಗಳು ಕಳೆದಾಗ ಕೊನೆಯ ಅಂಕಿಯನ್ನು ಹೊಡೆದುಹಾಕಿ ಪಕ್ಕದಲ್ಲಿ ಮುಂದಿನದನ್ನು ಬರೆಯುತ್ತಾರೆ. ಲಸಿಕೆ ಹಾಕಿಸಲು ಬಂದವರು ಸರದಿ ಬರುವ ತನಕ ಅದನ್ನೇ ಓದುತ್ತಾ ಕೂರುತ್ತಾರೆ. ಪಾಸ್‌ವರ್ಡ್ ಮರೆತರೆ ಗುಟ್ಟಿನ ಪ್ರಶ್ನೆಯೂ ಉಂಟು, ಸಾಕುಪ್ರಾಣಿಯ ಹೆಸರೇನು ಎಂದು. ವಾರಿಜಕ್ಕ ಕೊಟ್ಟಿರುವುದು ಅವರ ಮನೆಯ ದನದ ಹೆಸರು. ಆ ಹೆಸರನ್ನು ಅವರು ದಿನಾ ಸಂಜೆ ನದಿಯ ಆಚೆ ದಡಕ್ಕೂ ಕೇಳುವ ಹಾಗೆ ಕರೆಯುತ್ತಾರೆ. ಇದು ಅವರ ತಪ್ಪೋ, ಬೀಗ ಮಾಡುವಾಗ ಅದನ್ನು ತೆರೆಯಬೇಕಾದವರ ಮುಖವನ್ನೊಮ್ಮೆಯೂ ನೋಡದವರ ತಪ್ಪೋ?

ಅಂದು ನಾನು ಮೂಡುಬಿದಿರೆಯ ಕಾಲೇಜಿನ ಕಚೇರಿ ಕೆಲಸಕ್ಕೆ ಹೊರಟಿದ್ದೆ. ಬಸ್ಸು ತುಂಬಿತ್ತು, ನಾನು ನಿಂತಿದ್ದೆ, ಗರ್ಭಿಣಿಯರ ಪಟ್ಟಿಗೆ ನನ್ನ ಹೆಸರು ಬರೆದುಕೊಂಡಿದ್ದ ವಾರಿಜಕ್ಕ ಮುಂದಿನ ಸೀಟಿನಲ್ಲಿದ್ದರು. ಇದ್ದಕ್ಕಿದ್ದಂತೆ ಟ್ಯಾಬ್ ಒಂದು ಸಣ್ಣ ಸಂಗೀತ ನುಡಿಸಿ ಮಾತಿಗೆ ತೊಡಗಿತು: "ನೆನಪೋಲೆ. ಸಾತ್ವಿಕಾ, ನರಿಕೊಂಬು. ಗರ್ಭಿಣಿ, ಒಂಬತ್ತನೇ ವಾರ. ಹಿಂದಿನ ಗರ್ಭಪಾತ ಎರಡು. ಅಧಿಕ ಅಪಾಯ. ಇಂದೇ ಭೇಟಿ ಮಾಡಿ." ತುಳುವಿನಲ್ಲಿ ಗದ್ದಲ ಮಾಡುತ್ತಿದ್ದ ಆ ಬಸ್ಸಿನಲ್ಲಿ ಅಷ್ಟು ಸ್ವಚ್ಛವಾದ ಕನ್ನಡ ಮಾತಾಡಿದ್ದು ಅದೊಂದೇ. ಎಲ್ಲರೂ ಸುಮ್ಮನಾಗಿ ಕೇಳಿದರು.

ಓದಿಯಾದ ಮೇಲೆ ಅದು ಮತ್ತೆ ಮೊದಲಿನಿಂದ ಶುರು ಮಾಡಿತು. ಒಳಹೊಕ್ಕು "ಸ್ವೀಕರಿಸಿದೆ" ಎಂದು ಒತ್ತುವ ತನಕ ಅದು ನಿಲ್ಲುವುದಿಲ್ಲವಂತೆ. ಒಳಹೋಗಲು ಪಾಸ್‌ವರ್ಡ್ ಬೇಕು. ಹೊಂಡದ ರಸ್ತೆಯಲ್ಲಿ ಬಸ್ಸು ಕುಣಿಯುತ್ತಿರುವಾಗ ಚಿಹ್ನೆ ಹುಡುಕುತ್ತಾ ವಾರಿಜಕ್ಕನ ಬೆರಳು ತಪ್ಪಿತು, ಮತ್ತೆ ತಪ್ಪಿತು, ಕೊನೆಗೆ ಭದ್ರತೆಯ ಕಾರಣಕ್ಕೆ ಅರ್ಧ ಗಂಟೆ ಪ್ರವೇಶವಿಲ್ಲ ಎಂದು ಟ್ಯಾಬ್ ಘೋಷಿಸಿತು. ಘೋಷಿಸಿ, ನನ್ನ ಸುದ್ದಿಯನ್ನು ಮುಂದುವರಿಸಿತು. ವಾರಿಜಕ್ಕ ಅದನ್ನು ಸೆರಗಿನಲ್ಲಿ ಸುತ್ತಿ ಅದರ ಮೇಲೆಯೇ ಕುಳಿತುಬಿಟ್ಟರು. "ಎಂತ ಮಾಡುದು ಸಾತ್ವಿಕಾ, ಬಾಯಿ ಮುಚ್ಚಿಸ್ಲಿಕ್ಕೂ ಪಾಸ್‌ವರ್ಡ್ ಕೇಳ್ತದೆ ಇದು" ಎಂದು ಅವರು ಅಳುವ ದನಿಯಲ್ಲಿ ಹೇಳುವಾಗ ಅವರ ಕೆಳಗಿನಿಂದ "ಅಧಿಕ ಅಪಾಯ" ಎಂದು ಕೇಳಿಸುತ್ತಿತ್ತು.

ಯಾರೂ ಕೆಟ್ಟವರಲ್ಲ, ಮಾನ್ಯರೇ. ಪಕ್ಕದ ಮನೆಯ ಪ್ರೇಮಾವತಿಯಕ್ಕ ನನ್ನ ಕೈ ಹಿಡಿದು, "ಒಳ್ಳೇದಾಯ್ತಲ್ಲ, ಹೇಳ್ಲಿಕ್ಕೆ ಎಂತ ನಾಚಿಕೆ?" ಅಂದರು. ಕಂಡಕ್ಟರ್ ಕೂಸಪ್ಪಣ್ಣ "ಒಂದು ಸೀಟು ಕೊಡಿ ಮಾರ್ರೆ, ಅವರು ನಿಲ್ಬಾರ್ದು" ಎಂದು ಒಬ್ಬರನ್ನು ಎಬ್ಬಿಸಿ ನನ್ನನ್ನು ಕೂರಿಸಿದರು. ನಾನು ಕಾಲೇಜು ಮುಟ್ಟುವಷ್ಟರಲ್ಲಿ ಮಸ್ಕತ್ತಿನಲ್ಲಿ ಕೆಲಸಕ್ಕಿರುವ ನನ್ನ ಗಂಡ ನಿತೇಶ್ ಅವರ ಕರೆ ಬಂತು. "ಬಸ್ಸಿನವರಿಗೆಲ್ಲ ಗೊತ್ತುಂಟಂತೆ. ನನಗೆ ಹೇಳ್ಲಿಕ್ಕೆ ನಿನಗೆ ಎಂತಾಯ್ತು?" ಎಂದು ಕೇಳಿದರು. ಆಗಿದ್ದು ಇಷ್ಟೇ: ಹಿಂದೆ ಎರಡು ಬಾರಿಯೂ ಫೋನಿನಲ್ಲೇ ಹೇಳಿದ್ದೆ, ಎರಡು ಬಾರಿಯೂ ಇನ್ನೊಂದು ಸುದ್ದಿಯನ್ನು ಫೋನಿನಲ್ಲೇ ಹೇಳಬೇಕಾಯಿತು. ಅಲ್ಲಿ ಬೇರೆಯವರೊಂದಿಗೆ ಹಂಚಿಕೊಂಡ ಕೋಣೆಯಲ್ಲಿ ಅವರು ಯಾರೆದುರೂ ಅಳುವ ಹಾಗಿರಲಿಲ್ಲ. ಈ ಬಾರಿ ರಜೆಯಲ್ಲಿ ಬಂದಾಗ ಎದುರು ಕೂತು ಹೇಳೋಣ ಎಂದುಕೊಂಡಿದ್ದೆ. ಆ ಒಂದು ಮಾತು ನನ್ನದಾಗಿತ್ತು.

ತಮ್ಮ ಸಹಾಯವಾಣಿಗೆ ಕರೆ ಮಾಡಿದೆ. ದತ್ತಾಂಶ ಸಂಪೂರ್ಣ ಸುರಕ್ಷಿತ, ಪಾಸ್‌ವರ್ಡ್ ಇಲ್ಲದೆ ಯಾರೂ ತೆರೆಯಲಾರರು ಎಂಬ ಉತ್ತರ ಬಂತು. ನಿಜವೇ. ಯಾರೂ ತೆರೆಯಲಿಲ್ಲ, ಅದೇ ಹೊರಗೆ ಬಂತು. ದನಿಯನ್ನಾದರೂ ನಿಲ್ಲಿಸಿ ಅಂದೆ. ಆ ಗುಂಡಿ ಕಾರ್ಯಕರ್ತೆಯರ ಕೈಗೆ ಕೊಟ್ಟಿಲ್ಲ, ಕೊಟ್ಟರೆ ದುರುಪಯೋಗವಾಗುತ್ತದೆ ಎಂದರು. ನನ್ನ ಬಗ್ಗೆ ಅದರಲ್ಲಿ ಇನ್ನೇನೇನು ಬರೆದಿದೆ ಎಂದು ಕೇಳಿದ್ದಕ್ಕೆ, ಖಾಸಗಿತನದ ನಿಯಮದಂತೆ ಅದನ್ನು ನನಗೆ ಹೇಳುವಂತಿಲ್ಲ ಎಂದರು. ನನ್ನ ಖಾಸಗಿತನವನ್ನು ನನ್ನಿಂದ ಇಷ್ಟು ಜೋಪಾನವಾಗಿ ಕಾಯುವವರು ಬೇರೆ ಯಾರಿದ್ದಾರೆ?

ಹನ್ನೊಂದನೇ ವಾರದಲ್ಲಿ ಅದೂ ಹೋಯಿತು. ತಮ್ಮ ಟ್ಯಾಬ್‌ನಿಂದ ಹೋಯಿತು ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಿಲ್ಲ. ಆದರೆ ಬಂದ ಸುದ್ದಿಯನ್ನು ಊರಿಗೆ ಹೇಳಿದ ಟ್ಯಾಬ್ ಹೋದ ಸುದ್ದಿಯನ್ನು ಹೇಳಲಿಲ್ಲ. ಅದು ನನ್ನ ಪಾಲಿಗೆ ಬಂತು. ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಎದ್ದವರಿಗೆಲ್ಲ ಬೇಡ, ಇನ್ನು ಬೇಕಾಗಿಲ್ಲ ಎಂದು ಹೇಳಿದೆ. ಒಬ್ಬೊಬ್ಬರ ಮುಖ ಸಣ್ಣದಾಗುವುದನ್ನು ನೋಡಿದೆ. ಬಹಳ ಸಂಕಟವಾಯಿತು.

ವಾರಿಜಕ್ಕ ನನ್ನ ಹೆಸರನ್ನು ತೆಗೆಯಲು ಹೋದರು. ಪ್ರಕರಣ ಮುಗಿಸಲು ನನ್ನ ಒಪ್ಪಿಗೆ ಬೇಕಂತೆ. ನನ್ನ ಒಪ್ಪಿಗೆಯ ಒಟಿಪಿ ಹೋಗುವುದು ಕುಟುಂಬದ ಯಜಮಾನರ ನಂಬರಿಗೆ, ಅಂದರೆ ರೀಚಾರ್ಜ್ ಇಲ್ಲದೆ ಎಂದೋ ಸತ್ತುಹೋದ ನಿತೇಶ್ ಅವರ ಊರಿನ ಸಿಮ್ಮಿಗೆ. ನಂಬರು ಬದಲಿಸಲು ಹಳೆಯ ನಂಬರಿಗೆ ಬಂದ ಒಟಿಪಿ ಕೊಡಬೇಕು. ಕಳೆದ ವಾರ ವಾರಿಜಕ್ಕ ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದು ನಮ್ಮ ಮನೆಯ ಚಾವಡಿಯಲ್ಲಿ ಕೂತಿದ್ದಾಗ ಅವರ ಚೀಲದೊಳಗಿಂದ ಸಂಗೀತ ಬಂತು. ನಾನು ಐದನೇ ತಿಂಗಳಿಗೆ ಕಾಲಿಟ್ಟಿದ್ದಕ್ಕೆ ಅಭಿನಂದನೆ ಹೇಳಿತು. ಅವರು ಚೀಲವನ್ನು ಅಂಗಳಕ್ಕೆ ಒಯ್ದು ಇಟ್ಟರು. ಅಲ್ಲಿಂದಲೂ ಕೇಳುತ್ತಿತ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಬೀಗ ಬಿದ್ದಿರುವಾಗ ಟ್ಯಾಬ್ ಸುಮ್ಮನಿರಲಿ. ಅದರ ಬಾಯಿ ಮುಚ್ಚಿಸುವ ಗುಂಡಿ ಅದನ್ನು ಹೊರುವವರ ಕೈಯಲ್ಲಿರಲಿ. ನನ್ನ ಒಪ್ಪಿಗೆಯನ್ನು ನನ್ನನ್ನೇ ಕೇಳಿ. ಆರನೇ ತಿಂಗಳ ಅಭಿನಂದನೆ ಬರುವ ಮೊದಲು ಇದಾಗಬೇಕು. ಆಗದಿದ್ದರೆ, ಇನ್ನೊಮ್ಮೆ ಅಂಥ ದಿನ ಬಂದಾಗ ನಾನು ವಾರಿಜಕ್ಕನಿಗೂ ಹೇಳುವುದಿಲ್ಲ, ಹೆಸರು ಬರೆಸುವುದಿಲ್ಲ, ತಪಾಸಣೆಗೂ ಬರುವುದಿಲ್ಲ. ಅದು ನನಗೆ ಅಪಾಯವೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಆಗ ತಮ್ಮ ದತ್ತಾಂಶ ನಿಜಕ್ಕೂ ಸುರಕ್ಷಿತವಾಗಿರುತ್ತದೆ, ಅದರಲ್ಲಿ ನಾನಿರುವುದಿಲ್ಲ.

ಇಂತಿ,
ತಮ್ಮ ಟ್ಯಾಬ್‌ನಲ್ಲಿ ಇನ್ನೂ ಗರ್ಭಿಣಿಯಾಗಿರುವ
ಸಾತ್ವಿಕಾ, ನರಿಕೊಂಬು